ಕಟ್ಟೆಯ ಕಲ್ಲು ಕೆಡುವುದು ಅಡುಗೆಯಿಂದಲ್ಲ

ಅಡುಗೆ ಮಾಡಿ ಮಾಡಿ ಕಟ್ಟೆಯ ಕಲ್ಲು ಹಾಳಾಯಿತು ಎನ್ನುವುದು ವಾಡಿಕೆಯ ಮಾತು. ಹಲಸೂರಿನಿಂದ ಕೆ.ಆರ್. ಪುರದವರೆಗಿನ ಮನೆಗಳ ಅಡುಗೆಕಟ್ಟೆಗಳನ್ನು ಗಮನವಿಟ್ಟು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಒಲೆಯ ಸುತ್ತ, ದಿನಾ ಒಗ್ಗರಣೆ ಸಿಡಿಯುವ ಜಾಗದಲ್ಲಿ, ಕಲ್ಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹೊಳಪು ಹೋಗಿ, ಬೂದು ಬಣ್ಣಕ್ಕೆ ತಿರುಗಿ, ಕೈಯಾಡಿಸಿದರೆ ತರಿತರಿ ಅನ್ನಿಸುವುದು ಸಿಂಕಿನ ಸುತ್ತ, ನಲ್ಲಿಯ ಬುಡದಲ್ಲಿ. ಅಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಅಲ್ಲಿ ನಡೆಯುವುದು ತೊಳೆಯುವ ಕೆಲಸ.

ಕಲ್ಲು ಕೆಡುವ ಬಗೆ ಹೀಗೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ನಲ್ಲಿಯ ಬುಡದಲ್ಲಿ ಬಿಳಿ ಕರೆ ಕಟ್ಟುತ್ತದೆ. ಎಷ್ಟು ಉಜ್ಜಿದರೂ ಅದು ನಾರಿಗೆ ಬಗ್ಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಆಸಿಡ್ ಬರುತ್ತದೆ, ಇಲ್ಲವೇ ಶೌಚಾಲಯಕ್ಕೆಂದು ತಂದ ಬಾಟಲಿಯೇ ಅಡುಗೆಮನೆಗೆ ಬರುತ್ತದೆ. ಸುರಿದ ಕೂಡಲೇ ಕರೆ ನೊರೆಯೆದ್ದು ಕರಗುತ್ತದೆ, ನೋಡಿದವರಿಗೆ ಸಮಾಧಾನವಾಗುತ್ತದೆ. ಕರೆಯ ಜೊತೆಗೇ ಕಲ್ಲಿನ ಹೊಳಪೂ ಹೋಯಿತೆಂಬುದು ಒಣಗಿದ ಮೇಲೆ ಗೊತ್ತಾಗುತ್ತದೆ. ಹೊಳಪು ಕಳೆದುಕೊಂಡ ಮೇಲ್ಮೈಗೆ ಮುಂದಿನ ಕರೆ ಇನ್ನೂ ಬಿಗಿಯಾಗಿ ಅಂಟುತ್ತದೆ. ಅದನ್ನು ತೆಗೆಯಲು ಇನ್ನಷ್ಟು ಆಸಿಡ್ ಬೇಕಾಗುತ್ತದೆ. ಕೆಲವು ವರ್ಷ ಹೀಗೇ ನಡೆದರೆ ಕಲ್ಲನ್ನೇ ಕಿತ್ತು ಹೊಸದು ಹಾಕಿಸುವ ಮಾತು ಮನೆಯಲ್ಲಿ ಶುರುವಾಗುತ್ತದೆ. ಇಷ್ಟು ದೂರ ಹೋಗಬೇಕಾದ ಅಗತ್ಯವೇ ಇಲ್ಲ.

ನಿಮ್ಮ ಕಟ್ಟೆಯದು ಯಾವ ಕಲ್ಲು?

ಆರೈಕೆಯ ಮೊದಲ ಹೆಜ್ಜೆ ಇದು. ಅಂಗಡಿಯವರು ಹೊಳೆಯುವುದಕ್ಕೆಲ್ಲ ಗ್ರಾನೈಟ್ ಎನ್ನುತ್ತಾರೆ, ಆದರೆ ಎಲ್ಲ ಕಲ್ಲಿಗೂ ಒಂದೇ ಮದ್ದಲ್ಲ.

ಬೆಂಗಳೂರು ನಿಂತಿರುವುದೇ ಬಂಡೆಯ ಮೇಲೆ. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು, ಮಾಗಡಿ, ಕನಕಪುರ ಕಡೆಯ ಗುಲಾಬಿ ಛಾಯೆಯ ಕಲ್ಲು, 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಕಲ್ಲು, ಎಲ್ಲವೂ ಇದೇ ಗಟ್ಟಿ ಬಳಗಕ್ಕೆ ಸೇರಿದವು. ಇವುಗಳಲ್ಲಿರುವುದು ಮುಖ್ಯವಾಗಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಫೆಲ್ಡ್‌ಸ್ಪಾರ್‌ಗೆ 6, ಮಾಮೂಲಿ ಚಾಕುವಿಗೆ ಸುಮಾರು 5.5. ಹಾಗಾಗಿ ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ತರಕಾರಿ ಹೆಚ್ಚಿದರೆ ಮೊಂಡಾಗುವುದು ಚಾಕು, ಕಲ್ಲಿಗೆ ಏನೂ ಆಗುವುದಿಲ್ಲ. ಹುಣಸೆಹುಳಿ, ಮೊಸರು, ನಿಂಬೆರಸ ಬಿದ್ದರೂ ಅದರ ಹೊಳಪು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಕಾಣುವ ಅಚ್ಚಕಪ್ಪು ಕಲ್ಲು ಬೇರೆ ಜಾತಿಯದು. ಚಾಮರಾಜನಗರ ಕಡೆಯ ಕಪ್ಪು ಗ್ರಾನೈಟ್ ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ, ಡೋಲರೈಟ್. ಕಣಗಳು ಸಣ್ಣ, ಹೆಣಿಗೆ ಒತ್ತು, ನೀರನ್ನಾಗಲಿ ಎಣ್ಣೆಯನ್ನಾಗಲಿ ಅದು ಕುಡಿಯುವುದು ಬಹಳ ಕಡಿಮೆ. ಅಡುಗೆಕಟ್ಟೆಗೆ ಇದಕ್ಕಿಂತ ಒಳ್ಳೆಯ ಕಲ್ಲು ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಪ್ಪು ಮೈಯ ಮೇಲೆ ನೀರಿನ ಬಿಳಿ ಕರೆ ಎದ್ದು ಕಾಣುತ್ತದೆ, ಅದೊಂದೇ ತೊಂದರೆ.

ದಂಡು ಪ್ರದೇಶದ ಹಳೆಯ ಮನೆಗಳಲ್ಲಿ, ಹಲಸೂರಿನ ಒತ್ತೊತ್ತು ಬೀದಿಗಳಲ್ಲಿ, ಶಿವಾಜಿನಗರದ ಮಹಡಿ ಮನೆಗಳಲ್ಲಿ ಕಟ್ಟೆಗೆ ಹಾಸಿರುವುದು ಅನೇಕ ಕಡೆ ಕಡಪ ಕಲ್ಲು. ಅದೂ ಕಪ್ಪೇ, ಆದರೆ ಅದು ಸುಣ್ಣದಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಕೂಡ ಅದೇ ಬಳಗ. ಸುಣ್ಣದಕಲ್ಲು ಭೂಮಿಯೊಳಗೆ ಬೆಂದು ಒತ್ತಿ ಬದಲಾದರೆ ಅಮೃತಶಿಲೆ. ಇಂದಿರಾನಗರದ ದೊಡ್ಡ ಮನೆಗಳಲ್ಲಿ, ಹೊಸ ವಿಲ್ಲಾಗಳಲ್ಲಿ ಕಾಣುವ ಮಕ್ರಾನಾ ಮತ್ತು ಇಟಲಿಯ ಬಿಳಿ ಕಲ್ಲುಗಳು ಈ ಸಾಲಿನವು. ಇವೆಲ್ಲದರ ಮೂಲ ಕ್ಯಾಲ್ಸಿಯಂ ಕಾರ್ಬೊನೇಟ್. ಗಡಸುತನ 3ರ ಆಸುಪಾಸು. ಹುಳಿ ತಗುಲಿದರೆ ಕರಗುತ್ತವೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ, ಮೊಸರಿನ ಲ್ಯಾಕ್ಟಿಕ್ ಆಮ್ಲ, ವಿನೆಗರ್, ಟೊಮೇಟೊ, ದ್ರಾಕ್ಷಾರಸ ಎಲ್ಲಕ್ಕೂ ಇವು ಬಲಿಯಾಗುತ್ತವೆ. ಸಾರಿನ ಸೌಟನ್ನು ಅಮೃತಶಿಲೆಯ ಮೇಲೆ ಇಟ್ಟು ಮರೆತರೆ ಸೌಟಿನ ಆಕಾರದಲ್ಲೇ ಮಂಕು ಗುರುತು ಉಳಿಯುತ್ತದೆ. ಜನ ಅದನ್ನು ಕಲೆ ಎಂದುಕೊಂಡು ಉಜ್ಜುತ್ತಾರೆ. ಅದು ಕಲೆಯಲ್ಲ, ಕಲ್ಲಿನ ಮೈಯೇ ಸವೆದಿರುವ ಜಾಗ. ಎಷ್ಟು ಉಜ್ಜಿದರೂ ಹೋಗದು, ಮತ್ತೆ ಪಾಲಿಶ್ ಹಿಡಿಸಿದರೆ ಮಾತ್ರ ಹೋಗುತ್ತದೆ.

ಗೊತ್ತಾಗುವುದು ಹೇಗೆ? ಕಟ್ಟೆಯ ಕಣ್ಣಿಗೆ ಬೀಳದ ಮೂಲೆಯಲ್ಲಿ, ಮಿಕ್ಸಿ ಇಡುವ ಜಾಗದ ಹಿಂದೆ, ಒಂದು ಹನಿ ನಿಂಬೆರಸ ಹಾಕಿ ಐದು ನಿಮಿಷ ಬಿಟ್ಟು ಒರೆಸಿ. ಒಣಗಿದ ಮೇಲೆ ಆ ಜಾಗ ಮಂಕಾಗಿದ್ದರೆ ನಿಮ್ಮದು ಸುಣ್ಣದ ಬಳಗದ ಕಲ್ಲು. ಏನೂ ಆಗದಿದ್ದರೆ ಗ್ರಾನೈಟ್ ಅಥವಾ ಅದರ ನೆಂಟ. ಇನ್ನೊಂದು ಪರೀಕ್ಷೆ ನೀರಿನದು. ನಾಲ್ಕೈದು ಹನಿ ನೀರು ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಿರಿ. ಒರೆಸಿದಾಗ ಅಡಿಯ ಕಲ್ಲು ಕಪ್ಪಾಗಿದ್ದರೆ ಕಲ್ಲು ನೀರು ಕುಡಿಯುತ್ತಿದೆ ಎಂದರ್ಥ. ನೀರು ಕುಡಿಯುವ ಕಲ್ಲು ಎಣ್ಣೆಯನ್ನೂ ಅರಿಶಿನವನ್ನೂ ಕುಡಿಯುತ್ತದೆ. ಈ ಎರಡು ಪರೀಕ್ಷೆ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ.

ಈಗ ಬಹಳ ಮಾರಾಟವಾಗುವ ಕ್ವಾರ್ಟ್ಜ್, ನ್ಯಾನೋ ವೈಟ್ ಮುಂತಾದವು ಕಾರ್ಖಾನೆಯಲ್ಲಿ ತಯಾರಾದ ಹಲಗೆಗಳು, ನೈಸರ್ಗಿಕ ಕಲ್ಲಲ್ಲ. ಅವುಗಳ ಆರೈಕೆ ಬೇರೆ ವಿಷಯ.

ನೀರಿನ ಕರೆ

ಪೂರ್ವ ಬೆಂಗಳೂರಿನಲ್ಲಿ ಕಲ್ಲಿನ ಮಾತು ಬಂದರೆ ನೀರಿನ ಮಾತು ಬರಲೇಬೇಕು. ಶಿವಾಜಿನಗರ, ಹಲಸೂರು, ಇಂದಿರಾನಗರಗಳಿಗೆ ಕಾವೇರಿ ನೀರು ಬಹಳ ಹಿಂದೆಯೇ ಬಂತು. 2007ರಲ್ಲಿ ಪಾಲಿಕೆಗೆ ಸೇರಿದ ಹೊರವಲಯದ 110 ಹಳ್ಳಿಗಳು, ಅದರಲ್ಲೂ ಕೆ.ಆರ್. ಪುರ, ಮಹದೇವಪುರದ ಕಡೆಯವು, ಬಹುಕಾಲ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ ಬದುಕಿದವು. ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದ್ದು ಈ ಹಳ್ಳಿಗಳಿಗಾಗಿಯೇ. ಆದರೂ ಅನೇಕ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಇಂದಿಗೂ ಬೋರ್‌ವೆಲ್ ನೀರು ಬೆರೆಯುತ್ತದೆ.

ಆಳದ ಬಂಡೆಯ ಬಿರುಕುಗಳಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಈ ನೀರು ಕಟ್ಟೆಯ ಮೇಲೆ ನಿಂತು ಆರಿದರೆ ನೀರು ಹೋಗಿ ಲವಣ ಉಳಿಯುತ್ತದೆ. ಕರೆಯೆಂದರೆ ಇದೇ. ಸ್ನಾನದ ಸೋಪಿನಂಥ, ಬಾರ್ ಸೋಪಿನಂಥ ಸಾಬೂನು ಬಳಸಿದರೆ ಅದೂ ಗಡಸು ನೀರಿನ ಜೊತೆ ಸೇರಿ ಜಿಡ್ಡಿನ ಪೊರೆಯಾಗಿ ಕೂರುತ್ತದೆ.

ಇದಕ್ಕೆ ಮದ್ದು ಬಾಟಲಿಯಲ್ಲಿಲ್ಲ, ಒಣ ಬಟ್ಟೆಯಲ್ಲಿದೆ. ನೀರು ಆರುವ ಮೊದಲೇ ಒರೆಸಿದರೆ ಲವಣ ಬಟ್ಟೆಗೆ ಹೋಗುತ್ತದೆ, ಕಲ್ಲಿನ ಮೇಲೆ ಉಳಿಯುವುದಿಲ್ಲ. ರಾತ್ರಿ ಪಾತ್ರೆ ತೊಳೆದು ಮುಗಿಸಿದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಸಿಂಕಿನ ಸುತ್ತ, ನಲ್ಲಿಯ ಬುಡ, ಗೋಡೆಯ ಅಂಚು ಒಮ್ಮೆ ಒಣಗುವಂತೆ ಒರೆಸುವುದು ಎರಡು ನಿಮಿಷದ ಕೆಲಸ. ಕೊಳೆ ತೆಗೆಯಲು ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛವಾಗುವುದಿಲ್ಲ, ಪೊರೆ ಉಳಿಯುತ್ತದೆ. ನಲ್ಲಿ ಸೋರುತ್ತಿದ್ದರೆ ಮೊದಲು ವಾಷರ್ ಬದಲಾಯಿಸಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಯಾವ ಕಲ್ಲಿನ ಆರೈಕೆಯೂ ಫಲ ಕೊಡುವುದಿಲ್ಲ.

ಈಗಾಗಲೇ ಕಟ್ಟಿದ ಕರೆಗೆ ಏನು ಮಾಡುವುದು? ನುಣುಪು ಪಾಲಿಶಿನ ಗ್ರಾನೈಟ್ ಆದರೆ ಸೋಪುನೀರು ಹಚ್ಚಿ ನೆನೆಸಿ, ಹೊಸ ಬ್ಲೇಡನ್ನು ಹಿಡಿಕೆಗೆ ಸಿಕ್ಕಿಸಿ ಕಲ್ಲಿಗೆ ಮಟ್ಟಸವಾಗಿ ಹಿಡಿದು ನಿಧಾನವಾಗಿ ಕೆರೆಯಿರಿ. ಉಕ್ಕಿಗಿಂತ ಗ್ರಾನೈಟ್ ಗಟ್ಟಿಯಾದ್ದರಿಂದ ಕರೆ ಮಾತ್ರ ಏಳುತ್ತದೆ. ಅಮೃತಶಿಲೆ ಮತ್ತು ಕಡಪದ ಮೇಲೆ ಬ್ಲೇಡ್ ಮುಟ್ಟಿಸಲೇಬಾರದು, ಗೀರು ಬೀಳುತ್ತದೆ. ಅಲ್ಲಿ ಒದ್ದೆ ಬಟ್ಟೆ ಹೊದಿಸಿ ಒಂದೆರಡು ಗಂಟೆ ನೆನೆಸಿ, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಿ ನೋಡಬಹುದು. ಕರೆಯೂ ಸುಣ್ಣ, ಕಲ್ಲೂ ಸುಣ್ಣ. ಕರೆ ಕರಗಿಸುವ ಯಾವ ದ್ರವವಾದರೂ ಕಲ್ಲನ್ನೂ ಕರಗಿಸುತ್ತದೆ. ದಪ್ಪ ಕರೆಯಿದ್ದರೆ ಪಾಲಿಶ್ ಮಾಡುವವರನ್ನು ಕರೆಸುವುದೇ ದಾರಿ.

ಗ್ರಾನೈಟ್ ಆಮ್ಲಕ್ಕೆ ಜಗ್ಗದು ಎಂದೆನಲ್ಲ, ಹಾಗಾದರೆ ಅದರ ಮೇಲೆ ಆಸಿಡ್ ಬಳಸಬಹುದೇ? ಬೇಡ. ತಿಳಿಬಣ್ಣದ ಗ್ರಾನೈಟುಗಳಲ್ಲಿ ಕಬ್ಬಿಣದ ಅಂಶವಿರುವ ಖನಿಜದ ಚೂರುಗಳಿರುತ್ತವೆ. ಆಸಿಡ್ ತಗುಲಿ ಕೆಲವು ದಿನ ಕಳೆದ ಮೇಲೆ ಅವು ತುಕ್ಕು ಹಿಡಿದು ಹಳದಿ ಮಚ್ಚೆ ಮೂಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ಆವಿಗೆ ಸ್ಟೀಲ್ ಸಿಂಕು, ಒಲೆ, ಕಪಾಟಿನ ಹಿಂಜುಗಳೂ ತುಕ್ಕು ಹಿಡಿಯುತ್ತವೆ. ತುಕ್ಕು ತೆಗೆಯುವ ಕೆಲವು ದ್ರವಗಳಲ್ಲಿರುವ ಹೈಡ್ರೋಫ್ಲೋರಿಕ್ ಆಮ್ಲವಂತೂ ಗ್ರಾನೈಟನ್ನೇ ಕೊರೆಯುತ್ತದೆ, ಮನುಷ್ಯರ ಚರ್ಮಕ್ಕೂ ಬಹಳ ಅಪಾಯಕಾರಿ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಬೆರೆತರೆ ಏಳುವುದು ಕ್ಲೋರಿನ್ ಅನಿಲ, ಮುಚ್ಚಿದ ಅಡುಗೆಮನೆಯಲ್ಲಿ ಅದು ಉಸಿರು ಕಟ್ಟಿಸುತ್ತದೆ. ಬಹಳ ಮನೆಗಳಲ್ಲಿ ಈ ಬಾಟಲಿಗಳನ್ನು ಬರಿಗೈಯಲ್ಲಿ ಹಿಡಿಯುವುದು ಕೆಲಸಕ್ಕೆ ಬರುವ ಹೆಂಗಸರು. ಕಲ್ಲಿನ ಮಾತು ಪಕ್ಕಕ್ಕಿರಲಿ, ಅವರ ಕೈ ಮತ್ತು ಶ್ವಾಸಕೋಶಕ್ಕಾಗಿಯಾದರೂ ಆಸಿಡ್ ಬಾಟಲಿ ಅಡುಗೆಮನೆಯಿಂದ ಹೊರಗಿರಲಿ. ಎರಡು ಒಳ್ಳೆಯ ಬಟ್ಟೆ ಕೊಟ್ಟು, ಒಂದು ಒದ್ದೆಗೆ ಇನ್ನೊಂದು ಒಣಗಿಸುವುದಕ್ಕೆ ಎಂದು ಹೇಳಿ, ಕಾರಣವನ್ನೂ ವಿವರಿಸಿದರೆ ಅವರು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಹೊಸ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಟೈಲ್ಸ್, ಕಲ್ಲು ಹಾಸಿ ಮುಗಿಸಿದ ಮೇಲೆ ಸಿಮೆಂಟಿನ ಕಲೆ ತೆಗೆಯಲು ಕೆಲಸಗಾರರು ಇಡೀ ಮನೆಗೆ ಆಸಿಡ್ ಹೊಡೆಯುವ ರೂಢಿಯಿದೆ. ಕಟ್ಟೆಗೆ ಅದು ತಗುಲಬಾರದೆಂದು ಮೊದಲೇ ಮೇಸ್ತ್ರಿಗೆ ಹೇಳಿ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿಡಿ.

ಕಲೆ ಬಿದ್ದರೆ ಪಟ್ಟು

ಕಲ್ಲು ಕುಡಿದ ಕಲೆಯನ್ನು ಮೇಲಿಂದ ಉಜ್ಜಿ ತೆಗೆಯಲಾಗದು. ಒಳಗೆ ಇಳಿದದ್ದನ್ನು ಹೊರಗೆ ಎಳೆಯಬೇಕು. ಬಾವಿಗೆ ಪಟ್ಟು ಹಾಕಿ ಕೀವು ಎಳೆಯುವಂತೆ ಕಲ್ಲಿಗೂ ಪಟ್ಟು ಹಾಕಬೇಕು. ಬಿಳಿ, ಹೀರುವ ಗುಣದ ಪುಡಿಯನ್ನು ಕಲೆ ಕರಗಿಸುವ ದ್ರವದಲ್ಲಿ ಕಲಸಿ, ಇಡ್ಲಿ ಹಿಟ್ಟಿಗಿಂತ ಗಟ್ಟಿ ಹದಕ್ಕೆ ತಂದು, ಕಲೆಗಿಂತ ಒಂದು ಬೆರಳು ಆಚೆಗೂ ಹರಡುವಂತೆ ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಬೇಕು. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಪಟ್ಟು ಪೂರ್ತಿ ಒಣಗಲು ಬಿಡಿ. ಕಲೆ ಮೇಲೇರುವುದು ಒಣಗುವ ಹೊತ್ತಿನಲ್ಲೇ. ಆತುರಪಟ್ಟು ಹಸಿಯಿರುವಾಗಲೇ ತೆಗೆದರೆ ಮಾಡಿದ್ದೆಲ್ಲ ವ್ಯರ್ಥ. ಮರದ ಸೌಟಿನ ಅಂಚಿನಿಂದ ಎಬ್ಬಿಸಿ, ಒರೆಸಿ, ನೋಡಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗುತ್ತದೆ.

ಎಣ್ಣೆಯ ಕಲೆ ತಿಳಿಬಣ್ಣದ ಗ್ರಾನೈಟಿನ ಮೇಲೆ ಕಪ್ಪು ನೆರಳಿನಂತೆ ಕಾಣುತ್ತದೆ. ಎಣ್ಣೆ ಡಬ್ಬಿ ಇಡುವ ಜಾಗದಲ್ಲಿ ಉಂಗುರದಂತೆ ಉಳಿಯುವುದು ಇದೇ. ಚೆಲ್ಲಿದ ತಕ್ಷಣವಾದರೆ ಅಡುಗೆ ಸೋಡಾ ಅಥವಾ ಮೈದಾ ದಪ್ಪನಾಗಿ ಉದುರಿಸಿ ರಾತ್ರಿಯಿಡೀ ಬಿಟ್ಟರೆ ಬಹುಪಾಲು ಹೀರುತ್ತದೆ. ಹಳೆಯದಾದರೆ ಸುವಾಸನೆಯಿಲ್ಲದ ಟಾಲ್ಕಂ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಪಟ್ಟು ಹಾಕಬೇಕು. ಅಸಿಟೋನ್ ಬೆಂಕಿಗೆ ಹೊತ್ತಿಕೊಳ್ಳುವ ವಸ್ತು. ಸಿಲಿಂಡರಿನ ರೆಗ್ಯುಲೇಟರ್ ಆರಿಸಿ, ಕಿಟಕಿ ತೆರೆದಿಡಿ. ಪಟ್ಟು ಒಣಗಿ ವಾಸನೆ ಹೋಗುವವರೆಗೆ ಆ ಅಡುಗೆಮನೆಯಲ್ಲಿ ಒಲೆ ಹೊತ್ತಿಸಬಾರದು. ಇದಕ್ಕೆ ಪುರುಸೊತ್ತಿಲ್ಲದ ದಿನ ಈ ಕೆಲಸ ಬೇಡ.

ಅರಿಶಿನಕ್ಕೆ ಬೆಳಕೇ ಶತ್ರು. ಅದರ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಬಿಸಿಲಿಗೆ ಒಡೆಯುತ್ತದೆ. ಕಿಟಕಿಯ ಪಕ್ಕದ ಕಟ್ಟೆಯಾದರೆ ಕೆಲವು ದಿನ ಬಿಸಿಲು ಬೀಳುವಂತೆ ಬಿಟ್ಟು ನೋಡಿ. ಹೋಗದಿದ್ದರೆ ಔಷಧದಂಗಡಿಯಲ್ಲಿ ಸಿಗುವ ಶೇ. 6ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅಡುಗೆ ಸೋಡಾ ಕಲಸಿ ಪಟ್ಟು ಹಾಕಬಹುದು. ಕಾಫಿ ಡಿಕಾಕ್ಷನ್, ಟೀ, ಕ್ರಿಸ್‌ಮಸ್ ಕೇಕಿಗೆಂದು ದಂಡಿನ ಮನೆಗಳಲ್ಲಿ ಒಣಹಣ್ಣು ನೆನೆಸುವ ರಮ್ಮು, ವೈನಿನ ಕಲೆಗಳಿಗೂ ಇದೇ ಪಟ್ಟು. ಪೆರಾಕ್ಸೈಡ್ ಬಣ್ಣ ತೆಗೆಯುವ ವಸ್ತುವಾದ್ದರಿಂದ ಬಿಳಿ, ತಿಳಿ ಕಲ್ಲಿಗೆ ಮಾತ್ರ. ಕಪ್ಪು ಕಲ್ಲಿನ ಮೇಲೆ ಹಾಕಿದರೆ ಬಿಳುಚುವ ಭಯವಿದೆ. ವೈನು ಅಮೃತಶಿಲೆಗೆ ಬಿದ್ದಾಗ ಬಣ್ಣವೂ ಇಳಿಯುತ್ತದೆ, ಹುಳಿಯೂ ಕೊರೆಯುತ್ತದೆ. ಬಣ್ಣ ಪಟ್ಟಿಗೆ ಬಂದರೂ ಮಂಕು ಹಾಗೇ ಉಳಿಯುತ್ತದೆ. ಮೇಣದಬತ್ತಿಯ ಮೇಣ ಸುರಿದರೆ ಮಾತ್ರ ಚಿಂತೆಯಿಲ್ಲ. ಐಸ್ ತುಂಡು ಇಟ್ಟು ಗಟ್ಟಿ ಮಾಡಿ ಪ್ಲಾಸ್ಟಿಕ್ ಅಂಚಿನಿಂದ ಎಬ್ಬಿಸಿದರೆ ಬಂದುಬಿಡುತ್ತದೆ.

ಕಬ್ಬಿಣದ ಬಾಣಲೆ, ದೋಸೆ ಹಂಚನ್ನು ಒದ್ದೆಯಾಗಿ ಕಟ್ಟೆಯ ಮೇಲೆ ಬಿಟ್ಟರೆ ಬೀಳುವ ತುಕ್ಕಿನ ಕಲೆ ಎಲ್ಲಕ್ಕಿಂತ ಹಟಮಾರಿ. ಅಮೃತಶಿಲೆಗೆ ಆಮ್ಲವಿಲ್ಲದ ತುಕ್ಕು ತೆಗೆಯುವ ಲೇಪಗಳಿವೆ, ಅವನ್ನು ಬಳಸಲು ಬಲ್ಲವರಿಂದಲೇ ಮಾಡಿಸಿ. ಹಂಚನ್ನು ಒಣಗಿಸಿ ನೇತುಹಾಕುವುದು ಇದಕ್ಕಿಂತ ಎಷ್ಟೋ ಸುಲಭ.

ದೇವರಕೋಣೆಯ ಬಿಳಿ ಕಲ್ಲು

ಅಡುಗೆಮನೆಗೆ ಗ್ರಾನೈಟ್ ಹಾಕಿಸಿದವರೂ ದೇವರಕೋಣೆಗೆ ಅಮೃತಶಿಲೆಯ ಕಟ್ಟೆ ಹಾಕಿಸುತ್ತಾರೆ. ಈ ಕಲ್ಲು ಎದುರಿಸುವ ಪರೀಕ್ಷೆ ದೊಡ್ಡದು: ಎಣ್ಣೆ, ಅರಿಶಿನ, ಕುಂಕುಮ, ಕರ್ಪೂರದ ಮಸಿ, ಪಂಚಾಮೃತದ ಮೊಸರು, ಎಲ್ಲವೂ ಒಂದೇ ಕಡೆ ಸೇರುತ್ತವೆ. ಕುಂಕುಮ ಚೆಲ್ಲಿದಾಗ ನಾವು ಮೊದಲು ಮಾಡುವುದು ಒದ್ದೆ ಬಟ್ಟೆ ತರುವುದು. ಅದೇ ಕಲೆಗೆ ದಾರಿ. ಕುಂಕುಮದ ಪುಡಿ ಒಣಗಿದ್ದಾಗ ಕಲ್ಲಿನ ಮೇಲಷ್ಟೇ ಕೂತಿರುತ್ತದೆ, ನೀರು ಸೋಕಿದ ಕ್ಷಣ ಬಣ್ಣ ಒಳಗಿಳಿಯುತ್ತದೆ. ಮೆತ್ತನೆಯ ಕುಂಚದಿಂದ ಒಣಗಿದಂತೆಯೇ ಗುಡಿಸಿ ತೆಗೆದು, ಉಳಿದ ಧೂಳನ್ನು ಒಣ ಹತ್ತಿಯಿಂದ ಎತ್ತಿ, ಕೊನೆಯಲ್ಲಿ ಮಾತ್ರ ಒದ್ದೆ ಬಟ್ಟೆ ಆಡಿಸಿ.

ದೀಪದ ಕಂಬಗಳ ಕೆಳಗೆ ಅಗಲವಾದ ತಟ್ಟೆ ಇರಲಿ. ಅಭಿಷೇಕ ಹಿತ್ತಾಳೆ ಅಥವಾ ಸ್ಟೀಲಿನ ಹರಿವಾಣದಲ್ಲಿ ನಡೆಯಲಿ. ಹಬ್ಬದ ಮುನ್ನಾದಿನ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜುವ ಕೆಲಸವನ್ನು ಬಿಳಿ ಕಟ್ಟೆಯ ಮೇಲಾಗಲಿ ಅದರ ಪಕ್ಕದಲ್ಲಾಗಲಿ ಮಾಡಬೇಡಿ. ಹಿತ್ತಾಳೆ ಬೆಳಗಿಸುವ ಹುಳಿಯೇ ಅಮೃತಶಿಲೆಯನ್ನು ಮಂಕು ಮಾಡುತ್ತದೆ. ಸಿಡಿದ ಒಂದೊಂದು ಹನಿಯೂ ಗುರುತು ಬಿಡುತ್ತದೆ.

ಸೀಲರ್ ಬೇಕೇ?

ನೀರಿನ ಪರೀಕ್ಷೆಯಲ್ಲಿ ಕಲ್ಲು ಕಪ್ಪಾಗಿದ್ದರೆ ಬೇಕು. ಆಗದಿದ್ದರೆ ಬೇಡ. ಒಳಗಿಳಿದು ಸೂಕ್ಷ್ಮ ರಂಧ್ರಗಳಿಗೆ ಅಂಟಿಕೊಂಡು ನೀರು, ಎಣ್ಣೆ ಇಳಿಯುವುದನ್ನು ನಿಧಾನಿಸುವ ಸೀಲರ್ ಆರಿಸಿಕೊಳ್ಳಿ. ಮೇಲೆ ಪೊರೆಯಂತೆ ಕೂರುವ, ಥಳಥಳ ಹೊಳೆಸುವ ಲೇಪ ಅಡುಗೆಕಟ್ಟೆಗೆ ಸಲ್ಲ, ಕಾವಿಗೆ ಮತ್ತು ಉಜ್ಜುವಿಕೆಗೆ ಅದು ಸಿಪ್ಪೆಯೇಳುತ್ತದೆ. ಹಚ್ಚುವ ಮೊದಲು ಕಲ್ಲು ಪೂರ್ತಿ ಒಣಗಿರಬೇಕು. ಬೆಂಗಳೂರಿನ ಮಳೆಗಾಲದಲ್ಲಿ ಒಂದು ದಿನ ಸಾಲದು, ಬಿಸಿಲಿನ ತಿಂಗಳುಗಳೇ ಇದಕ್ಕೆ ಸರಿ. ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನು ಒಂದಿಷ್ಟೂ ಬಿಡದೆ ಒರೆಸಬೇಕು. ಒರೆಸದೆ ಬಿಟ್ಟರೆ ಮಂಜು ಮುಸುಕಿದಂತಾಗುತ್ತದೆ. ಒಂದು ದಿನ ಕಟ್ಟೆಗೆ ನೀರು ತಾಗಿಸಬೇಡಿ.

ಮಾರುವವರು ಹೇಳದೆ ಬಿಡುವ ವಿಷಯ ಒಂದಿದೆ. ಸೀಲರ್ ಕಲೆಯನ್ನು ತಡೆಯುತ್ತದೆ, ಹುಳಿಯನ್ನಲ್ಲ. ಎಷ್ಟೇ ದುಬಾರಿ ಸೀಲರ್ ಹಚ್ಚಿದರೂ ಅಮೃತಶಿಲೆಯ ಮೇಲೆ ನಿಂಬೆಹೋಳು ಇಟ್ಟರೆ ಗುರುತು ಬಿದ್ದೇ ಬೀಳುತ್ತದೆ. ಚಾಮರಾಜನಗರದಂಥ ಒತ್ತು ಹೆಣಿಗೆಯ ಕಪ್ಪು ಕಲ್ಲಿಗೆ ಸೀಲರ್ ಹಚ್ಚುವುದು ಹಣ ದಂಡ. ಒಳಗಿಳಿಯಲು ಜಾಗವಿಲ್ಲದೆ ಮೇಲೇ ಉಳಿದು ಜಿಡ್ಡಾಗುತ್ತದೆ.

ಕಡಪ ಕಲ್ಲಿನವರು ಬೂದು ಬಣ್ಣ ಮುಚ್ಚಲು ಕೊಬ್ಬರಿ ಎಣ್ಣೆ ಸವರುವುದುಂಟು. ಎರಡು ದಿನ ಕಪ್ಪಾಗಿ ಕಾಣುತ್ತದೆ, ಆಮೇಲೆ ಧೂಳು ಹಿಡಿದು ಕಮಟುತ್ತದೆ. ಕಡಪವನ್ನು ಮತ್ತೆ ಪಾಲಿಶ್ ಮಾಡಿಸಿ ಬಣ್ಣ ಗಾಢಗೊಳಿಸುವ ಸೀಲರ್ ಹಚ್ಚಿಸಿದರೆ ಬಹುಕಾಲ ನಿಲ್ಲುತ್ತದೆ. ಪದರ ಪದರವಾಗಿ ಬಿಡುವ ಸ್ವಭಾವ ಅದಕ್ಕಿರುವುದರಿಂದ ಅಂಚಿನಲ್ಲಿ ಸಿಪ್ಪೆ ಎದ್ದಿದ್ದರೆ ಎಪಾಕ್ಸಿ ತುಂಬಿಸಿಯೇ ಪಾಲಿಶಿಗೆ ಇಳಿಯಬೇಕು. ನಮ್ಮ ಹಿಂದಿನವರು ಹಾಕಿಸಿದ ಈ ಕಲ್ಲನ್ನು ಹಳತೆಂದು ಕಿತ್ತೆಸೆಯುವುದು ನನಗೆ ಸರಿಕಾಣುವುದಿಲ್ಲ.

ಏಟು, ಕಾವು, ಭಾರ

ಕಲ್ಲು ಒತ್ತಡ ತಡೆಯುತ್ತದೆ, ಬಗ್ಗುವುದನ್ನು ತಡೆಯುವುದಿಲ್ಲ. ನಮ್ಮಲ್ಲಿ ಕಟ್ಟೆಯ ಹಲಗೆ ಸಾಮಾನ್ಯವಾಗಿ 16ರಿಂದ 20 ಮಿಲಿಮೀಟರ್ ದಪ್ಪ. ಸಿಂಕು ಮತ್ತು ಒಲೆಗೆಂದು ಕೊರೆದ ಜಾಗದ ಮುಂದೆ ಹಿಂದೆ ಉಳಿಯುವ ಮೂರ್ನಾಲ್ಕು ಅಂಗುಲದ ಪಟ್ಟಿಯೇ ಇಡೀ ಕಟ್ಟೆಯ ದುರ್ಬಲ ಭಾಗ. ಅಟ್ಟದ ಡಬ್ಬಿ ತೆಗೆಯಲು ಕಟ್ಟೆ ಹತ್ತಿ ನಿಲ್ಲುವ ಅಭ್ಯಾಸವಿದ್ದರೆ ಇಂದೇ ಬಿಡಿ, ಒಂದು ಏಣಿ ತನ್ನಿ. ತೆಂಗಿನಕಾಯಿಯನ್ನು ಕಟ್ಟೆಯ ಅಂಚಿಗೆ ಒಡೆದರೆ ಒಂದು ದಿನ ಕಾಯಿಯ ಬದಲು ಅಂಚೇ ಚೆಕ್ಕೆಯೇಳುತ್ತದೆ. ಕುಟ್ಟಾಣಿಯನ್ನು ಸಿಂಕಿನ ಪಕ್ಕದಲ್ಲಲ್ಲ, ಕೆಳಗೆ ಗೋಡೆಯ ಆಸರೆಯಿರುವ ಕಡೆ ಇಟ್ಟು ಕುಟ್ಟಿ. ಗ್ರೈಂಡರನ್ನು ಎಳೆಯದೆ ಎತ್ತಿಡಿ.

ಗ್ರಾನೈಟ್ ಕಾವು ತಡೆಯುತ್ತದೆಯಾದರೂ ಒಲೆಯಿಂದ ಇಳಿಸಿದ ಕುಕ್ಕರನ್ನು ಮತ್ತೆ ಮತ್ತೆ ಅದೇ ಜಾಗದಲ್ಲಿಟ್ಟರೆ ಜೋಡಣೆಯ ಎಪಾಕ್ಸಿ ಸಡಿಲವಾಗುತ್ತದೆ, ಸೀಲರ್ ಹೋಗುತ್ತದೆ. ಒಂದು ಸಿಂಬೆ ಇದ್ದರೆ ಸಾಕು. ಗೋಡೆ ಮತ್ತು ಕಟ್ಟೆ ಸೇರುವ ಸಂದಿಯ ಸಿಲಿಕೋನ್ ಕಿತ್ತುಹೋಗಿದ್ದರೆ ಮತ್ತೆ ತುಂಬಿಸಿ, ಇಲ್ಲದಿದ್ದರೆ ನೀರು ಇಳಿದು ಕೆಳಗಿನ ಪ್ಲೈವುಡ್ ಕೊಳೆಯುತ್ತದೆ. ಬಾಡಿಗೆ ಮನೆಗೆ ಹೋಗುವವರು ಸಾಮಾನು ಇಳಿಸುವ ಮೊದಲೇ ಕಟ್ಟೆಯ ಪ್ರತಿ ಮೂಲೆಯ ಫೋಟೊ ತೆಗೆದು ಮಾಲೀಕರಿಗೆ ಕಳಿಸಿಡಿ. ಮನೆ ಬಿಡುವಾಗ ಹಳೆಯ ಕಲೆಯ ಹೆಸರಿನಲ್ಲಿ ಅಡ್ವಾನ್ಸ್ ಕಡಿತವಾಗುವುದು ತಪ್ಪುತ್ತದೆ.

ಕೊಳ್ಳುವಾಗ, ಪಾಲಿಶ್ ಮಾಡಿಸುವಾಗ

ಹಳೇ ಮದ್ರಾಸ್ ರಸ್ತೆಯ ಕಲ್ಲಿನ ಅಂಗಡಿಗಳಿಗೆ ಹೋಗುವಾಗ ಜೇಬಿನಲ್ಲಿ ಒಂದು ನಿಂಬೆಹಣ್ಣು, ಬಿಳಿ ಬಟ್ಟೆ, ಸಣ್ಣ ಬಾಟಲಿಯಲ್ಲಿ ಅಸಿಟೋನ್ ಇರಲಿ. ಬೂದು ಕಲ್ಲಿಗೆ ಬಣ್ಣ, ಎಣ್ಣೆ ಹಚ್ಚಿ ಅಚ್ಚಕಪ್ಪೆಂದು ಮಾರುವುದುಂಟು. ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ಬಟ್ಟೆ ಕಪ್ಪಾದರೆ ಆ ಕಲ್ಲು ಬೇಡ. ಒಂದು ವರ್ಷದಲ್ಲಿ ಅದು ತೇಪೆತೇಪೆಯಾಗಿ ಬಿಳುಚುತ್ತದೆ. ನಿಂಬೆ, ನೀರಿನ ಪರೀಕ್ಷೆಗಳನ್ನು ಅಂಗಡಿಯಲ್ಲಿ ಬಿದ್ದಿರುವ ತುಂಡಿನ ಮೇಲೆ ಮಾಡಿ. ಬೇಡ ಎನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ. ನಿಮಗೆ ಕೊಯ್ದ ಹಲಗೆಯಿಂದಲೇ ಉಳಿದ ಒಂದು ಅಡಿ ತುಂಡನ್ನು ಮನೆಗೆ ತಂದು ಅಟ್ಟದಲ್ಲಿಡಿ. ಮುಂದೆ ಯಾವ ಮದ್ದನ್ನಾದರೂ ಮೊದಲು ಅದರ ಮೇಲೆ ಪ್ರಯೋಗಿಸಬಹುದು.

ಹಳೆಯ ಕಲ್ಲಿನ ಮಂಕು ಹೋಗಿಸಲು ಡೈಮಂಡ್ ಪ್ಯಾಡುಗಳಿಂದ ಪಾಲಿಶ್ ಮಾಡುತ್ತಾರೆ. ತರಿ ಪ್ಯಾಡಿನಿಂದ ಶುರುವಾಗಿ 400, 800, 1500, 3000 ಎಂದು ನುಣುಪಾಗುತ್ತಾ ಹೋಗಬೇಕು. ನಡುವಿನ ಒಂದು ಹಂತ ಹಾರಿಸಿದರೂ ಓರೆಬೆಳಕಿನಲ್ಲಿ ಗೀರು ಕಾಣುತ್ತದೆ. ಮಾಡುವವರು ಎಷ್ಟು ಪ್ಯಾಡು ತಂದಿದ್ದಾರೆ ನೋಡಿಯೇ ಕೆಲಸ ಶುರುಮಾಡಿಸಿ. ಹಣ ಮಾತಾಡುವ ಮೊದಲು ಒಂದು ಚದರಡಿ ಮಾಡಿ ತೋರಿಸಲು ಹೇಳಿ. ಕಟ್ಟೆ ಕೊಯ್ಯುವುದಿರಲಿ, ಪಾಲಿಶ್ ಇರಲಿ, ನೀರು ಹಾಕಿಕೊಂಡೇ ಮಾಡಬೇಕೆಂದು ಖಡಾಖಂಡಿತವಾಗಿ ಹೇಳಿ. ಒಣಗಿದ ಕಲ್ಲು ಕೊಯ್ದಾಗ ಏಳುವ ಧೂಳಿನಲ್ಲಿ ಬೆಣಚಿನ ಸೂಕ್ಷ್ಮ ಕಣಗಳಿರುತ್ತವೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್‌ಗೆ ಔಷಧವಿಲ್ಲ. ಬೆಣಚಿನ ಪ್ರಮಾಣ ಶೇ. 90ಕ್ಕೂ ಮೀರಬಹುದಾದ ಕೃತಕ ಕಲ್ಲಿನ ಕಟ್ಟೆಗಳನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿದ್ದು ಈ ಕಾಯಿಲೆಯ ಕಾರಣಕ್ಕೇ. ಗ್ರಾನೈಟಿನಲ್ಲಿ ಬೆಣಚು ಅಷ್ಟಿಲ್ಲ, ಆದರೆ ಕಾಲುಭಾಗದಷ್ಟು ಇರುವುದು ಸಾಮಾನ್ಯ, ಅದೇನೂ ಕಡಿಮೆಯಲ್ಲ. ಬಾಲ್ಕನಿಯಲ್ಲಿ ಬರಿಮುಖದಲ್ಲಿ ಕಟರ್ ಹಿಡಿದು ನಿಂತ ಹುಡುಗನಿಗೆ ನೀರಿನ ಪೈಪು, ಒಳ್ಳೆಯ ಮಾಸ್ಕು ಒದಗಿಸುವ ಖರ್ಚು ಕಟ್ಟೆಯ ಖರ್ಚಿನ ಲೆಕ್ಕದಲ್ಲೇ ಸೇರಲಿ. ಕೆಸರು ಆಗುತ್ತದೆಂದು ಮೇಸ್ತ್ರಿ ಗೊಣಗಿದರೆ, ಗೋಣಿಚೀಲ ಹಾಸಿಕೊಡಿ, ಕೆಸರು ಒಣಗುವ ಮೊದಲೇ ಬಳಿದು ತೆಗೆಸಿ.